ಬಾರ್ ಮುಚ್ಚುವ ಹೊತ್ತಿನ ಮುಕ್ಕಾಲು ಗಂಟೆ: ನನ್ನ ಅನುಭವ

ಸೌಂಡ್‌ಪ್ರೂಫಿಂಗ್‌ಗೆ ನಾಲ್ಕು ಲಕ್ಷ ಸುರಿದ ಮೇಲೂ ನಮ್ಮ ಬಾರಿನ ಬಾಗಿಲಿಗೆ ವಾರಕ್ಕೆ ಎರಡು ಸಲ ಹೊಯ್ಸಳ (ಪೊಲೀಸ್ ಗಸ್ತು ಗಾಡಿ) ಬರುತ್ತಿತ್ತು. ಈಗ ಹದಿನಾಲ್ಕು ತಿಂಗಳಲ್ಲಿ ಬಂದಿರುವುದು ಎರಡೇ ಸಲ. ಅದರಲ್ಲೊಂದು ಹಿಂದಿನ ಬೀದಿಯ ಗಣೇಶನ ಆರ್ಕೆಸ್ಟ್ರಾಕ್ಕೆ ಬಂದದ್ದು, ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ನೆರೆಮನೆಯವರ ದೂರನ್ನು ಪುಸ್ತಕದಲ್ಲಿ ಬರೆದಿಡಲು ಶುರುಮಾಡಿದಾಗ ಈ ಲೈನಿನಲ್ಲಿರುವ ಗೆಳೆಯರು, 'ಪುಸ್ತಕದಲ್ಲಿ ಬರ್ಕೊಂಡು ಗಲಾಟೆ ನಿಲ್ಲಿಸ್ತೀರಾ?' ಅಂತ ನಕ್ಕಿದ್ದರು. ಈಗ ಅವರಲ್ಲೇ ಇಬ್ಬರು ಅದೇ ಪುಸ್ತಕದ ಕಾಲಂಗಳ ಫೋಟೊ ಕೇಳಿದ್ದಾರೆ. ಅದಕ್ಕೇ ಒಟ್ಟಿಗೇ ಬರೆದುಬಿಡುತ್ತಿದ್ದೇನೆ.

ನಮ್ಮದು ಸಿಎಲ್‌-9 (ಕೂತು ಕುಡಿಯುವ ಬಾರಿನ ಲೈಸೆನ್ಸ್), ನೂರಹತ್ತು ಸೀಟು, ನೆಲಮಹಡಿ ಮತ್ತು ಮೊದಲ ಮಹಡಿ. ಪಶ್ಚಿಮ ಬೆಂಗಳೂರಿನ ನಲವತ್ತಡಿ ರಸ್ತೆ, ಕೆಳಗೆ ಅಂಗಡಿ, ಮೇಲೆ ಮನೆ. ಹಿಂದುಗಡೆ ಆರಡಿಯ ಕನ್ಸರ್ವೆನ್ಸಿ (ಮನೆಗಳ ಹಿಂದಿನ ಓಣಿ), ಅದರಾಚೆ ಬೆಡ್‌ರೂಮ್ ಕಿಟಕಿಗಳು. ಎಡಕ್ಕೆ ಬೀಡಾ ಅಂಗಡಿ, ಮೂರು ಬಾಗಿಲು ದಾಟಿದರೆ ಇನ್ನೊಬ್ಬರ ಚಿಲ್ಲರೆ ಮದ್ಯದಂಗಡಿ, ಸಿಎಲ್‌-2. ಲೈಸೆನ್ಸ್, ಕನ್ಸೆಂಟ್, ಟ್ರೇಡ್ ಲೈಸೆನ್ಸ್ ಇವೆಲ್ಲ ನಿಮಗೆ ಗೊತ್ತಿರುವುದೇ, ಬಿಡುತ್ತೇನೆ. ಒಂದೇ ಮಾತು: ಐಪಿಸಿ ಬದಲಿಗೆ ಬಂದ ಬಿಎನ್‌ಎಸ್ 292ರಲ್ಲಿ ಸಾರ್ವಜನಿಕ ಉಪದ್ರವಕ್ಕೆ ದಂಡ ಹೆಚ್ಚೆಂದರೆ ಸಾವಿರ ರೂಪಾಯಿ ತಾನೇ ಅಂತ ಯಾರೂ ಸಸಾರ ಮಾಡಬೇಡಿ. ಕಚ್ಚುವುದು ಬಿಎನ್‌ಎಸ್‌ಎಸ್ 152, ಹಳೆಯ ಸಿಆರ್‌ಪಿಸಿ 133. ಅದರಲ್ಲಿ ಮ್ಯಾಜಿಸ್ಟ್ರೇಟರು ವ್ಯವಹಾರವನ್ನೇ ನಿಲ್ಲಿಸಿ ಅಥವಾ ಬೇರೆಡೆ ಒಯ್ಯಿರಿ ಅಂತ ಆದೇಶ ಮಾಡಬಹುದು.

ಪುಸ್ತಕದ ವಿಷಯ. ಇನ್ನೂರು ಪುಟದ ಲಾಂಗ್ ನೋಟ್‌ಬುಕ್, ಆರು ಕಾಲಂ: ಗಂಟೆ-ನಿಮಿಷ, ಯಾವ ಮನೆ, ಯಾವ ದಿಕ್ಕು, ದೂರು ಯಾವ ಜಾತಿಯದು (ಸದ್ದು, ಹೊಗೆ, ವಾಸನೆ, ಜನ, ಗಾಡಿ, ಗಲೀಜು), ಆ ನಿಮಿಷಕ್ಕೆ ನಮ್ಮಲ್ಲಿ ಏನು ನಡೆಯುತ್ತಿತ್ತು, ಮತ್ತು ಏನು ಬದಲಿಸಿದೆವು. ಐದನೇ ಕಾಲಂ ಮುಖ್ಯ. ಅದನ್ನು ನೆನಪಿನಿಂದ ತುಂಬಬಾರದು. ಮರುದಿನ ಬೆಳಗ್ಗೆ ಕೆಓಟಿ (ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿ), ಬಿಲ್ ಪ್ರಿಂಟು, ಸಿಸಿಟಿವಿ ಮೂರನ್ನೂ ಆ ನಿಮಿಷಕ್ಕೆ ಹೊಂದಿಸಿ ತುಂಬಬೇಕು. ಅದಕ್ಕೂ ಮೊದಲು ಸಿಸಿಟಿವಿಯ ಗಡಿಯಾರ, ಬಿಲ್ಲಿಂಗ್ ಕಂಪ್ಯೂಟರಿನ ಗಡಿಯಾರ ಎರಡನ್ನೂ ಒಂದು ಮಾಡಿ. ನಮ್ಮವು ಹನ್ನೊಂದು ನಿಮಿಷ ಅಂತರದಲ್ಲಿದ್ದವು, ಮೊದಲ ಮೂರು ವಾರದ ಲೆಕ್ಕ ಪೂರ್ತಿ ದಂಡ.

ದೂರು ನಮಗೇ ಬರಬೇಕಾದರೆ ಸುತ್ತಲಿನ ಹದಿನಾರು ಮನೆಗೆ ಒಂದು ನಂಬರು ಕೊಡಬೇಕು. ಅದು ಓನರ್ ನಂಬರಲ್ಲ, ಶಿಫ್ಟ್ ಕ್ಯಾಪ್ಟನ್ ಕೈಯಲ್ಲಿರುವ ಫೋನು. ಮೂರು ರಿಂಗಿನೊಳಗೆ ಎತ್ತಬೇಕು. ವಾದ ಬೇಡ, ಸಮಜಾಯಿಷಿ ಬೇಡ. 'ಯಾವ ಕಡೆಯಿಂದ ಕೇಳ್ತಿದೆ ಮೇಡಂ?' ಅನ್ನುವುದೊಂದೇ ಪ್ರಶ್ನೆ. ಮೊದಲು ವಾಟ್ಸ್ಆ್ಯಪ್ ಗ್ರೂಪ್ ಮಾಡಿದ್ದೆವು, ಅದು ಕೆಟ್ಟ ಐಡಿಯಾ. ಒಬ್ಬರು ಬರೆದರೆ ಹತ್ತು ಜನ ಹೂಂಗುಟ್ಟುತ್ತಾರೆ, ರಾತ್ರಿಯದನ್ನು ಬೆಳಗ್ಗೆ ಬರೆಯುತ್ತಾರೆ, ನಿಮಿಷ ಸಿಗುವುದಿಲ್ಲ. ಎರಡೇ ವಾರಕ್ಕೆ ಮುಚ್ಚಿದೆವು.

ಮೂರು ತಿಂಗಳಲ್ಲಿ ಎಪ್ಪತ್ತರ ಆಸುಪಾಸು ಎಂಟ್ರಿ ಆದವು. ಹರಡಿಟ್ಟು ನೋಡಿದರೆ ಅರ್ಧಕ್ಕಿಂತ ಹೆಚ್ಚು ಬಿದ್ದಿದ್ದು ರಾತ್ರಿ ಹನ್ನೆರಡೂವರೆಯಿಂದ ಒಂದೂಕಾಲರ ನಡುವೆ. ಮ್ಯೂಸಿಕ್ ಹನ್ನೆರಡೂವರೆಗೇ ಆಫ್ ಆಗಿರುತ್ತಿತ್ತು! ಅಂದರೆ ನಾಲ್ಕು ಲಕ್ಷದ ಗೋಡೆ ತಡೆದದ್ದು ಆ ಹೊತ್ತಿಗೆ ಇಲ್ಲದ ಸದ್ದನ್ನು.

ಆದರೂ ಮ್ಯೂಸಿಕ್ಕಿನ ಪಾಲು ಇದ್ದೇ ಇತ್ತು, ಅದನ್ನು ಮೊದಲು ಮುಗಿಸುತ್ತೇನೆ. ಸದ್ದಿನ ನಿಯಮದಲ್ಲಿ ರಾತ್ರಿ ಶುರುವಾಗುವುದು ಹತ್ತಕ್ಕೆ. ವಸತಿ ಪ್ರದೇಶವಾದರೆ 45 ಡೆಸಿಬೆಲ್, ವಾಣಿಜ್ಯವಾದರೆ 55. 2024ರ ಆದೇಶದ ಮೇಲೆ ಬೆಂಗಳೂರಿನಲ್ಲಿ ನಮಗೆ ಒಂದು ಗಂಟೆಯವರೆಗೆ ಟೈಮ್ ಸಿಕ್ಕಿದೆ, ಸರಿ. ಆದರೆ ಅದರ ಕೊನೆಯ ಮೂರು ಗಂಟೆ ಪೂರ್ತಿ ಈ ರಾತ್ರಿ ಮಿತಿಯೊಳಗೆ. ಮೊಟ್ಟೆ ಟ್ರೇ ಅಂಟಿಸುವುದು, ಸ್ಪಂಜು ಶೀಟು, ದಪ್ಪ ಪರದೆ ಎಲ್ಲ ಮಾಡಿದ್ದಾಯಿತು, ಇಪ್ಪತ್ತೆರಡು ಸಾವಿರ ನೀರಿಗೆ. ಅವು ಒಳಗಿನ ಪ್ರತಿಧ್ವನಿ ಹೀರುತ್ತವೆ ಅಷ್ಟೆ. ಹೊರಗೆ ಹೋಗುವ ಸದ್ದು ತಡೆಯಲು ತೂಕ ಬೇಕು, ಅವುಗಳಲ್ಲಿ ತೂಕವೇ ಇಲ್ಲ. ಆಮೇಲೆ ಹಿಂಗೋಡೆಗೆ ಡಬಲ್ ಜಿಪ್ಸಂ ಬೋರ್ಡ್, ನಡುವೆ ರಾಕ್‌ವೂಲ್. ಮಾತು, ಹಾಡಿನ ಪದ ನಿಂತವು. ಧಬ್ ಧಬ್ ನಿಲ್ಲಲಿಲ್ಲ.

ಹಿಂದಿನ ಮನೆಯವರ ಒಪ್ಪಿಗೆ ತೆಗೆದುಕೊಂಡು ಅವರ ಬೆಡ್‌ರೂಮಿನಲ್ಲೇ ಮೀಟರ್ ಇಟ್ಟಾಗ ಕಾರಣ ಸಿಕ್ಕಿತು. ಎ-ವೆಯ್ಟಿಂಗ್‌ನಲ್ಲಿ (ಬೇಸನ್ನು ಕಡಿಮೆ ಎಣಿಸುವ ಅಳತೆ) 48ರ ಹತ್ತಿರ, ಅದೇ ನಿಮಿಷ ಸಿ-ವೆಯ್ಟಿಂಗ್‌ನಲ್ಲಿ (ಬೇಸನ್ನೂ ಎಣಿಸುವ ಅಳತೆ) 70ರ ಮೇಲೆ. ಈ ಎರಡರ ಅಂತರ ಹದಿನೈದು-ಇಪ್ಪತ್ತು ದಾಟಿದರೆ ನಿಮ್ಮ ರೋಗ ಬೇಸ್, ಬೇರೇನೂ ಅಲ್ಲ. ಫೋನಿನ ಆ್ಯಪ್ ಸಾಮಾನ್ಯವಾಗಿ ಎ-ಯನ್ನೇ ತೋರಿಸುವುದರಿಂದ 'ನಮ್ಮದು ಮಿತಿಯೊಳಗಿದೆ' ಅಂತ ನಾವು ಜಗಳಕ್ಕೆ ನಿಲ್ಲುತ್ತೇವೆ, ಅಲ್ಲಿ ಪಾಪ ಅವರ ಮಂಚ ನಡುಗುತ್ತಿರುತ್ತದೆ. ಸಬ್‌ವೂಫರ್ ನೆಲದ ಮೇಲೆ ಕೂತಿದ್ದರೆ ಸದ್ದು ಗಾಳಿಯಲ್ಲಿ ಹೋಗಬೇಕಾಗಿಯೇ ಇಲ್ಲ, ಸ್ಲ್ಯಾಬು, ಕಾಲಂ ಹಿಡಿದು ನಡೆದುಕೊಂಡು ಹೋಗುತ್ತದೆ. ನಾವು ಸಬ್‌ಗಳನ್ನು ತೆಗೆದೇಬಿಟ್ಟೆವು. ಪ್ರೊಸೆಸರ್‌ನಲ್ಲಿ 80 ಹರ್ಟ್ಜ್‌ಗೆ ಹೈಪಾಸ್ (ಅದಕ್ಕಿಂತ ಕೆಳಗಿನ ಬೇಸನ್ನು ಕತ್ತರಿಸುವುದು), ಹತ್ತು ಗಂಟೆಯ ನಂತರ 100ಕ್ಕೆ. ಖರ್ಚು ಸೊನ್ನೆ. ಎರಡು ಹದಿನೈದಿಂಚಿನ ಟಾಪ್ ಸ್ಪೀಕರ್ ಮಾರಿ, ಸೀಲಿಂಗಿನಲ್ಲಿ ಐದಿಂಚಿನವು ಹನ್ನೆರಡು ಹಾಕಿದೆವು, ರಬ್ಬರ್ ಹ್ಯಾಂಗರ್ ಕೊಟ್ಟು. ಒಂದು ಲಕ್ಷ ಹತ್ತು ಸಾವಿರ ಚಿಲ್ಲರೆ. ಕಿವಿಯ ಹತ್ತಿರವೇ ಸ್ಪೀಕರ್ ಇದ್ದರೆ ಕಡಿಮೆ ವಾಲ್ಯೂಮ್‌ಗೇ ಟೇಬಲ್ ತೃಪ್ತಿ. ಮೂಲೆಯಿಂದ ಕಿರುಚಿಸುವ ಅಗತ್ಯವೇ ಬರುವುದಿಲ್ಲ. ಲಿಮಿಟರ್ (ವಾಲ್ಯೂಮ್ ಮಿತಿ ದಾಟದಂತೆ ತಡೆಯುವ ಸಾಧನ) ಹಾಕಿ, ಅದರ ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಕೈ ಮನೆಗೆ ಒಯ್ಯಿರಿ. ಇಲ್ಲವಾದರೆ ಶನಿವಾರ ರಾತ್ರಿ ಯಾರದೋ ಬರ್ತ್‌ಡೇಗೆ ಸಪ್ಲೈಯರ್ ತಿರುಗಿಸಿಬಿಡುತ್ತಾನೆ.

ಮುಂಬಾಗಿಲಿಗೆ ಇನ್ನೊಂದು ಬಾಗಿಲು ಸೇರಿಸಿ ನಡುವೆ ಆರಡಿ ಲಾಬಿ ಮಾಡಿದೆವು, ಎಂಬತ್ತೈದು ಸಾವಿರ. ಇಲ್ಲಿ ಎಡವಿದ್ದು: ಮೊದಲು ಅಂತರ ನಾಲ್ಕಡಿ ಇಟ್ಟಿದ್ದೆವು. ಮುಂದಿನವ ಹೊರಬಾಗಿಲು ಹಿಡಿದುಕೊಂಡೇ ಹಿಂದಿನವನಿಗೆ ಕಾಯುತ್ತಾನೆ, ಎರಡೂ ತೆರೆದೇ ಇರುತ್ತವೆ. ಆರಡಿ, ಜೊತೆಗೆ ಎರಡಕ್ಕೂ ಡೋರ್ ಕ್ಲೋಸರ್, ಕೆಳಗೆ ಸಂದು ಮುಚ್ಚುವ ಡ್ರಾಪ್ ಸೀಲ್. ಬಾಗಿಲಡಿ ಬೆರಳಗಲ ಸಂದು ಬಿಟ್ಟರೂ ಮೇಲಿನ ಖರ್ಚೆಲ್ಲ ಅಲ್ಲಿಂದಲೇ ಸೋರಿಹೋಗುತ್ತದೆ.

ಈಗ ಆ ಮುಕ್ಕಾಲು ಗಂಟೆಗೆ ಬರೋಣ. ಸಿಸಿಟಿವಿಯಲ್ಲಿ ಎಣಿಸಿದರೆ ಮುಚ್ಚುವ ಹೊತ್ತಿನ ಸದ್ದು ಏಳು ತರಹ: ಶಟರ್, ಬಾಟಲಿ, ಕುರ್ಚಿ, ಪಾತ್ರೆ, ಬೈಕು, ಹಾರ್ನು, ಎಲ್ಲಕ್ಕಿಂತ ಮೇಲೆ ಮಾತು. ಕುಡಿದವರು ಬೈದಾಡಬೇಕಾಗಿಲ್ಲ, ಪ್ರೀತಿಯಿಂದ ಬೀಳ್ಕೊಟ್ಟರೂ ಬೀದಿ ಏಳುತ್ತದೆ.

ಶಟರ್ ನೋಡಿ. ಹನ್ನೆರಡಡಿಯ ಎರಡು ರೋಲಿಂಗ್ ಶಟರ್. ಸ್ಪ್ರಿಂಗ್ ಸೋತಿದ್ದರೆ ಮುಕ್ಕಾಲು ಭಾಗ ಕೈಯಲ್ಲಿ ಬರುತ್ತದೆ, ಕೊನೆಯ ಎರಡಡಿ ತಾನೇ ಬೀಳುತ್ತದೆ. ಆ ಒಂದು ಢಂ ಎದುರಿನ ಮೂರನೇ ಮಹಡಿಯ ಕೂಸನ್ನು ಎಬ್ಬಿಸಲು ಸಾಕು. ಗೈಡ್ ಚಾನೆಲ್‌ಗೆ ಗ್ರೀಸ್ ಹಚ್ಚಿದೆವು, ತಿಂಗಳಲ್ಲಿ ರಸ್ತೆ ಧೂಳು ಕೂಡಿ ಅಂಟಾಯಿತು, ಶಟರ್ ಇನ್ನೂ ಬಿಗಿ, ಹುಡುಗರು ಇನ್ನೂ ಜೋರಾಗಿ ಎಳೆದರು. ಸೀಮೆಎಣ್ಣೆಯಲ್ಲಿ ತೊಳೆದು ಡ್ರೈ ಸಿಲಿಕೋನ್ ಸ್ಪ್ರೇ ಹೊಡೆದ ಮೇಲೆ ಸರಿಹೋಯಿತು, ತಿಂಗಳಿಗೊಂದು ಸಲ ಸಾಕು. ಸ್ಪ್ರಿಂಗ್ ಬದಲಿಸಿ ಟೆನ್ಷನ್ ಕೂರಿಸಲು ಒಂದಕ್ಕೆ ಮೂರೂವರೆ ಸಾವಿರ. ಬಾಟಮ್ ಪ್ಲೇಟಿಗೆ ಕಾರಿನ ಬಾಗಿಲಿಗೆ ಬರುವಂಥ ಇಪಿಡಿಎಂ ರಬ್ಬರ್ ಬೀಡಿಂಗ್. ಅದು ಸಿಗುವವರೆಗೆ ಹಳೆ ಸೈಕಲ್ ಟ್ಯೂಬ್ ಸೀಳಿ ನೆಲಕ್ಕೆ ಹಾಸುತ್ತಿದ್ದೆವು, ನಿಜ ಹೇಳಬೇಕೆಂದರೆ ಅದೇ ಹೆಚ್ಚು ಚೆನ್ನಾಗಿತ್ತು. ಮತ್ತೆ ಒಂದು ಶಟರ್‌ಗೆ ಇಬ್ಬರು ಎಂಬುದು ಕಡ್ಡಾಯ.

ಬಾಟಲಿ. ಶನಿವಾರ ರಾತ್ರಿ 650 ಮಿಲಿಯವೇ ಇನ್ನೂರೈವತ್ತು-ಮುನ್ನೂರು ಖಾಲಿ ಬೀಳುತ್ತವೆ. ಹೆಲ್ಪರ್‌ಗಳು ಅವನ್ನು ಗೋಣಿಗೆ ಸುರಿದು ಕನ್ಸರ್ವೆನ್ಸಿಯಲ್ಲಿ ಎಳೆದುಕೊಂಡು ಹೋಗುತ್ತಿದ್ದರು. ಪುಸ್ತಕದಲ್ಲಿ 'ಗಾಜು ಒಡೆದು ಗಲಾಟೆ ಮಾಡ್ತಿದಾರೆ' ಅಂತ ಬಂದ ಒಂಬತ್ತು ದೂರಲ್ಲಿ ಏಳು ಇದೇ. ಗಲಾಟೆ ಮಾಡಿದ್ದು ಗಿರಾಕಿಯಲ್ಲ, ನಮ್ಮ ಹುಡುಗರು. ಈಗ ಟೇಬಲ್‌ನಿಂದ ಎತ್ತಿದ ಬಾಟಲಿ ನೇರ ಹನ್ನೆರಡರ ಬಾಕ್ಸಿನ ಖಾನೆಗೆ, ತಲೆಕೆಳಗಾಗಿ. ಕೆಳಗೆ ಟ್ರೇ. ಸುರಿಯುವ ಕೆಲಸವೇ ಇಲ್ಲ. ಬಾಕ್ಸ್ ಒಳಗೇ ಉಳಿಯುತ್ತದೆ, ಗುಜರಿಯವನು ಬೆಳಗ್ಗೆ ಹನ್ನೊಂದಕ್ಕೆ ಬರುತ್ತಾನೆ. ತಲೆಕೆಳಗೆ ಯಾಕೆಂದರೆ, ನೆಟ್ಟಗಿಟ್ಟರೆ ತಳದ ಬಿಯರಿಗೆ ಮೂರನೇ ದಿನ ನೊರಜು ಏಳುತ್ತದೆ. ಹಾಗೆ ಎದ್ದು ಒಮ್ಮೆ ಊಟದ ಟೇಬಲ್‌ವರೆಗೂ ಬಂದವು. ಮೂವತ್ತು ಚದರಡಿ ಜಾಗ ಹೋಯಿತು, ಅದು ಎರಡು ಟೇಬಲ್‌ನ ವ್ಯಾಪಾರ, ಹೊಟ್ಟೆ ಉರಿಯುತ್ತದೆ. ಆದರೆ ಮುಚ್ಚುವಾಗಿನ ದೂರು ಒಂದೇ ತಿಂಗಳಲ್ಲಿ ಕಾಲು ಭಾಗ ಇಳಿಯಿತು.

ಕುರ್ಚಿ ಕಾಲಿಗೆ ರಬ್ಬರ್ ಬುಷ್, ದೊಡ್ಡ ಪಾತ್ರೆ ಬೆಳಗ್ಗೆ ತೊಳೆಯುವುದು. ಇವು ಹೇಳಬೇಕಾದಷ್ಟು ದೊಡ್ಡ ವಿಷಯವಲ್ಲ.

ಜನರನ್ನು ಹೊರಡಿಸುವುದು. ಹಳೆಯ ಪದ್ಧತಿ ಎಲ್ಲರದೂ ಒಂದೇ: ಹನ್ನೆರಡು ಐವತ್ತಕ್ಕೆ ಲೈಟೆಲ್ಲ ಹಾಕಿ 'ಟೈಮಾಯ್ತು ಸಾರ್'. ಒಂದೇ ಏಟಿಗೆ ಎಪ್ಪತ್ತು ಜನ ರಸ್ತೆಗೆ. ಈಗ ನಮ್ಮ ಫ್ಲೋರ್ ಮೂರು ಭಾಗ. ಕಿಚನ್ ಲಾಸ್ಟ್ ಆರ್ಡರ್ ಎಲ್ಲರಿಗೂ 11:45. ಡ್ರಿಂಕ್ಸ್ ಲಾಸ್ಟ್ ಆರ್ಡರ್ ಮಾತ್ರ ಬೇರೆ ಬೇರೆ: ಮೇಲ್ಮಹಡಿಗೆ 11:50, ಕೆಳಗಡೆ ಹಿಂಭಾಗಕ್ಕೆ 12:05, ಮುಂಭಾಗಕ್ಕೆ 12:20. ಲಾಸ್ಟ್ ಆರ್ಡರ್ ಜೊತೆಗೇ ಬಿಲ್ಲು ಹೋಗಬೇಕು, ಬಿಲ್ಲು ತಡವಾದರೆ ಇಡೀ ಲೆಕ್ಕ ಕುಸಿಯುತ್ತದೆ. ಗುರಿ ಏನೆಂದರೆ ಫುಟ್‌ಪಾತ್‌ನಲ್ಲಿ ಯಾವ ನಿಮಿಷಕ್ಕೂ ಇಪ್ಪತ್ತೈದಕ್ಕಿಂತ ಹೆಚ್ಚು ತಲೆ ಇರಬಾರದು. ಇಪ್ಪತ್ತೈದರವರೆಗೆ ಜನ ಮಾತಾಡುತ್ತಾರೆ, ಅದರ ಮೇಲೆ ಕೂಗಾಡುತ್ತಾರೆ, ಯಾಕೆಂದರೆ ಒಬ್ಬರದೊಬ್ಬರಿಗೆ ಕೇಳುವುದಿಲ್ಲ. ಲೈಟನ್ನು ಡಿಮ್ಮರ್‌ನಲ್ಲಿ ಅರ್ಧ ಗಂಟೆಯಲ್ಲಿ ಮೆಲ್ಲಗೆ ಏರಿಸುತ್ತೇವೆ. ಎಸಿಯದೂ ಒಂದು ಪಾಠ ಇದೆ, ಎಷ್ಟಕ್ಕೆ ಯಾವಾಗ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ನೀವೇ ತಿರುಗಿಸಿ ನೋಡಿ.

ಇಲ್ಲೊಂದು ಎಡವಟ್ಟು ಪ್ರಯೋಗ. ಕೊನೆಯ ಇಪ್ಪತ್ತು ನಿಮಿಷ ಹಳೆಯ ನಿಧಾನದ ಕನ್ನಡ ಚಿತ್ರಗೀತೆ ಹಾಕಿದರೆ ಜನ ತಣ್ಣಗಾಗಿ ಎದ್ದು ಹೋಗುತ್ತಾರೆ ಎಂದುಕೊಂಡಿದ್ದೆವು. ಆರು ಟೇಬಲ್ ಸೇರಿ ಹಾಡಿದವು. ಪುಸ್ತಕದಲ್ಲಿ ಆ ರಾತ್ರಿಯ ಎಂಟ್ರಿ: '12:41, ಭಜನೆ ತರಹ ಸದ್ದು'. ಈಗ ಬರೀ ವೀಣೆ, ಕೊಳಲು, ಪದವಿಲ್ಲದ್ದು. ಅದಕ್ಕೆ ಯಾರೂ ದನಿಗೂಡಿಸುವುದಿಲ್ಲ.

ಬಿಲ್ಲಿನ ಜೊತೆ ಅರವತ್ತು ಮಿಲಿ ಲೋಟದಲ್ಲಿ ಬಿಸಿ ಮೆಣಸಿನ ಸಾರು ಕೊಡುತ್ತೇವೆ, ಲೋಟಕ್ಕೆ ಮೂರು ರೂಪಾಯಿ ಬೀಳಬಹುದು. ಉಪಚಾರ ಅಂತ ಗಿರಾಕಿ ಖುಷಿಪಡುತ್ತಾರೆ. ನಮಗೆ ಬೇಕಿರುವುದು ಅವರು ಆರೇಳು ನಿಮಿಷ ಒಳಗೇ ಕೂತು ಕ್ಯಾಬ್ ಬುಕ್ ಮಾಡುವುದು. ಸಾರು ಸುಡುವಷ್ಟು ಬಿಸಿ ಇರಲೇಬೇಕು. ಉಗುರುಬೆಚ್ಚಗಿದ್ದರೆ ಒಂದೇ ಗುಟುಕಿಗೆ ಮುಗಿಸಿ ಹೊರಗೆ ನಿಲ್ಲುತ್ತಾರೆ. ಲಾಬಿಯಲ್ಲಿ ಹತ್ತು ಕುರ್ಚಿ ಹಾಕಿದೆವು, ಕಾಯುವವರಿಗೆ.

ಕ್ಯಾಬ್ ಪಿನ್ ನಮ್ಮ ಬಾಗಿಲಿಗೇ ಬಿದ್ದರೆ ಪ್ರತಿ ಗಾಡಿಯೂ ಇಲ್ಲೇ ಯೂ-ಟರ್ನ್, ಇಲ್ಲೇ ಹಾರ್ನು. ತೊಂಬತ್ತು ಮೀಟರ್ ಆಚೆ, ಮೇನ್ ರೋಡ್ ಮೂಲೆಯಲ್ಲಿ, ರಾತ್ರಿ ಮುಚ್ಚಿರುವ ಬ್ಯಾಂಕಿನ ಮುಂದೆ ಪಿಕಪ್ ಜಾಗ ಗೊತ್ತುಮಾಡಿ, ಕ್ಯೂಆರ್ ಕೋಡ್ ಇರುವ ಕಾರ್ಡ್ ಬಿಲ್ ಫೋಲ್ಡರಿನಲ್ಲಿ ಇಟ್ಟೆವು. ಮೊದಲ ತಿಂಗಳು ಯಾರೂ ನಡೆಯಲಿಲ್ಲ. ಕಾರ್ಡು, ಬೋರ್ಡು, 'ದಯವಿಟ್ಟು' ಯಾವುದಕ್ಕೂ ಆ ಹೊತ್ತಿನಲ್ಲಿ ಬೆಲೆಯಿಲ್ಲ. ಟಾರ್ಚ್ ಹಿಡಿದ ಒಬ್ಬ ಮನುಷ್ಯ 'ಬನ್ನಿ ಸಾರ್, ಗಾಡಿ ಆ ಕಡೆ ಬರುತ್ತೆ' ಅಂತ ಮುಂದೆ ನಡೆದರೆ ಮಾತ್ರ ಹಿಂದೆ ಬರುತ್ತಾರೆ, ಕುರಿಮಂದೆ ಹಾಗೆ. ಮಳೆಗಾಲಕ್ಕೆ ದೊಡ್ಡ ಛತ್ರಿ ಹತ್ತು ತಂದೆವು, ಉಳಿದಿರುವುದು ನಾಲ್ಕು. ಆಟೊದವರ ಜೊತೆ ಮಾಡಿಕೊಂಡ ಏರ್ಪಾಡು ನಮ್ಮಲ್ಲೇ ಇರಲಿ.

ಟಾರ್ಚ್ ಹಿಡಿಯುವವರು ಬೌನ್ಸರ್ ಅಲ್ಲ. ಇಬ್ಬರು ಬೌನ್ಸರ್‌ಗೆ ರಾತ್ರಿಗೆ ತಲಾ ಸಾವಿರದಿನ್ನೂರು ಕೊಡುತ್ತಿದ್ದೆವು, ತಿಂಗಳಿಗೆ ಅರವತ್ತು ಸಾವಿರದ ಮೇಲೆ. ಕಪ್ಪು ಟೀಶರ್ಟ್ ಕಂಡರೆ ಕುಡಿದವನಿಗೆ ಎದೆ ಉಬ್ಬುತ್ತದೆ. ಐವತ್ತೈದು ದಾಟಿದ, ಬಿಳಿ ಅಂಗಿಯ, 'ಮಗಾ, ಮನೇಲಿ ಕಾಯ್ತಿರ್ತಾರೆ' ಅನ್ನಬಲ್ಲ ಹಿರಿಯರೊಬ್ಬರು ಮೂವರು ಬೌನ್ಸರ್‌ಗೆ ಸಮ. ಶುಕ್ರ-ಶನಿ ಮಾತ್ರ ಬೌನ್ಸರ್ ಇಟ್ಟುಕೊಂಡಿದ್ದೇವೆ, ಒಳಗೆ, ಕಾಣದ ಹಾಗೆ.

ಬೈಕಿಗೆ ಪಕ್ಕದ ಖಾಲಿ ಸೈಟು, ಸಂಜೆ ಏಳರಿಂದ ಒಂದೂವರೆ, ತಿಂಗಳಿಗೆ ಹದಿನಾಲ್ಕು ಸಾವಿರ ಬಾಡಿಗೆ. ಜಲ್ಲಿ ಹಾಕಿಸಿದ್ದೆವು, ಚಕ್ರದಡಿ ಕರಕರ ಅನ್ನುತ್ತಿತ್ತು, ತೆಗೆಸಿ ಎಂ-ಸ್ಯಾಂಡ್ ಹಾಸಿದೆವು. ಕುಡಿದು ಓಡಿಸುವವರ ಬೀಗದ ಕೈ ಇಟ್ಟುಕೊಂಡು ಬೆಳಗ್ಗೆ ಕೊಡುವ ಪದ್ಧತಿಯೂ ಇದೆ. 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್ ಮಿತಿ, ಮೊದಲ ಸಲಕ್ಕೇ ಹತ್ತು ಸಾವಿರದವರೆಗೆ ದಂಡ ಅಂತ ಕ್ಯಾಪ್ಟನ್ ನೆನಪಿಸಿದರೆ ಹತ್ತರಲ್ಲಿ ಮೂರು ಜನ ಕೊಡುತ್ತಾರೆ. ಮಿಕ್ಕವರು ಕೊಡುವುದಿಲ್ಲ.

ಇಷ್ಟಾದರೂ ಒಂದು ಗುಂಪು ಉಳಿಯಿತು. ಸಿಸಿಟಿವಿಯಲ್ಲಿ 12:40ಕ್ಕೆ ಎಣಿಸಿದರೆ ರಸ್ತೆಯಲ್ಲಿರುವ ಮೂವತ್ತರಲ್ಲಿ ಇಪ್ಪತ್ತು ಜನ ಬೀಡಾ ಅಂಗಡಿಯ ಸುತ್ತ. ಸಿಗರೇಟು, ಬೀಡಾ, ಆಮೇಲೆ ಅರ್ಧ ಗಂಟೆ ಲೋಕಾಭಿರಾಮ. ಅದಕ್ಕೆ ಸೇರಿಕೊಂಡು ಸಿಎಲ್‌-2ನಿಂದ ಕ್ವಾರ್ಟರ್ ತಂದವರು. ಅಲ್ಲಿ ಕೂತು ಕುಡಿಯುವಂತಿಲ್ಲ, ಹಾಗಾಗಿ ಬೀಡಾ ಅಂಗಡಿಯ ಪ್ಲಾಸ್ಟಿಕ್ ಲೋಟ, ನೀರಿನ ಪೌಚ್ ತೆಗೆದುಕೊಂಡು ನಮ್ಮ ಮೆಟ್ಟಿಲ ಮೇಲೆ. ಬೆಳಗ್ಗೆ ಆ ಕಸವೂ ನಮ್ಮ ಹೆಸರಿಗೆ. ಅಂಗಡಿಯವನ ಹತ್ತಿರ ಮೊದಲು ಜಗಳ ಆಡಿದೆವು, ಆಮೇಲೆ ಕಾರ್ಪೊರೇಷನ್‌ಗೆ ಬರೆದೆವು, ಎರಡೂ ತಪ್ಪು. ಆಮೇಲೆ ಕೂತು ಅವನ ಲೆಕ್ಕ ಕೇಳಿದರೆ, ಹನ್ನೆರಡರ ನಂತರದ ಅವನ ಲಾಭ ದಿನಕ್ಕೆ ಇನ್ನೂರು ರೂಪಾಯಿಯಂತೆ. ಅಷ್ಟೇ! ತಿಂಗಳಿಗೆ ಆರು ಸಾವಿರ ನಾವು ಕೊಡುತ್ತೇವೆ, ಅವನು ಹನ್ನೆರಡಕ್ಕೆ ಮುಚ್ಚುತ್ತಾನೆ. ಬೀಡಾ ಟ್ರೇ ನಮ್ಮ ಬಿಲ್ ಕೌಂಟರಿಗೆ ಬರುತ್ತದೆ, ಅದರ ದುಡ್ಡು ಅವನದೇ. ಲೋಟ, ಪೌಚ್ ಮಾರಾಟ ಬಿಡಿಸಲು ಇನ್ನೊಂದು ಮಾತು ಕೊಟ್ಟಿದ್ದೇವೆ, ಅದು ನಮ್ಮಿಬ್ಬರ ಮಧ್ಯೆ ಇದೆ.

ಸಿಗರೇಟಿನವರಿಗೆ ಸ್ಮೋಕಿಂಗ್ ರೂಮ್ ಕಟ್ಟಿಸಿದೆವು. ಮೂವತ್ತು ಸೀಟು ಅಥವಾ ಅದಕ್ಕಿಂತ ಹೆಚ್ಚು ಇರುವವರಿಗೆ ಅವಕಾಶ ಇದೆ. ಪೂರ್ತಿ ಎತ್ತರದ ಗೋಡೆ, ತಾನೇ ಮುಚ್ಚಿಕೊಳ್ಳುವ ಬಾಗಿಲು, ನೇರ ಹೊರಗೆ ಹೋಗುವ ಎಕ್ಸಾಸ್ಟ್ ಬೇಕು. ಒಳಗೆ ಊಟ-ಡ್ರಿಂಕ್ಸ್ ಸರ್ವಿಸ್ ಕೊಡುವಂತಿಲ್ಲ. ತೊಂಬತ್ತು ಚದರಡಿಗೆ ಒಂದು ಲಕ್ಷ ಅರವತ್ತು ಸಾವಿರ ಆಯಿತು. ಕಂಟ್ರಾಕ್ಟರ್ ಅದರ ಡಕ್ಟನ್ನು ಕಿಚನ್ ಡಕ್ಟಿಗೇ ಸೇರಿಸಿ ಮುಗಿಸಲು ನೋಡಿದ. ಬಿಡಬೇಡಿ. ಎಣ್ಣೆ ಜಿಡ್ಡು ಹತ್ತಿದ ಡಕ್ಟಿಗೆ ಒಂದು ಕಿಡಿ ಸಾಕು. ಹಿಂದುಗಡೆ ಕನ್ಸರ್ವೆನ್ಸಿಗೆ ಬಿಟ್ಟಾಗ ಮೂರೇ ದಿನದಲ್ಲಿ ಹೊಸ ದೂರು ಬಂತು, ಆಮೇಲೆ ಪ್ರತ್ಯೇಕ ಪೈಪಿನಲ್ಲಿ ಟೆರೇಸಿಗೆ ಒಯ್ದೆವು.

ಪಕ್ಕದ ಗೋಡೆಗೆ ಮೂತ್ರದ ಕಾಟ. ಬೆಂಗಳೂರಿನ ಔಷಧ ಗೊತ್ತಲ್ಲ, ಸರ್ವಧರ್ಮದ ದೇವರ ಟೈಲ್ಸ್. ಹಾಕಿದೆವು. ಜನ ಟೈಲ್ಸ್ ಮುಗಿಯುವ ಕಡೆ ಹೋಗಿ ನಿಂತರು. ನಿಜವಾದ ಕಾರಣ ನಮ್ಮ ಒಳಗಿತ್ತು: ಬಿಲ್ಲಿನ ಹೊತ್ತಿಗೆ ಎರಡೇ ಯೂರಿನಲ್, ಮುಂದೆ ಏಳೆಂಟು ಜನರ ಸಾಲು. ಕಾಯಲಾರದವನು ಹೊರಗೆ ಹೋಗುತ್ತಾನೆ. ಲೆಕ್ಕದ ಪ್ರಕಾರ ಐವತ್ತು ಗಂಡಸರಿಗೆ ಒಂದು ಸಾಕು, ಆದರೆ ಆ ಲೆಕ್ಕ ಊಟದ ಹೋಟೆಲಿನದು, ಬಿಯರ್ ಕುಡಿದವರದಲ್ಲ. ಇನ್ನೆರಡು ಸೇರಿಸಿದೆವು, ಪ್ಲಂಬಿಂಗ್ ಸಮೇತ ನಲವತ್ತು ಸಾವಿರ. ಗೋಡೆಗೆ ಮೋಷನ್ ಸೆನ್ಸರ್ ಲೈಟ್, ಬೆಳಕು ಕೆಳಗೆ ಮಾತ್ರ ಬೀಳುವಂತೆ, ಹಳದಿ ಬಣ್ಣದ್ದು. ಮೊದಲು ಹಾಕಿದ ಬಿಳಿ ಫ್ಲಡ್‌ಲೈಟ್ ಎದುರು ಮನೆಯ ಪೂಜೆ ಕೋಣೆಗೇ ಹೊಡೆಯುತ್ತಿತ್ತು, ಅದಕ್ಕೂ ಒಂದು ಎಂಟ್ರಿ ಆಯಿತು.

ವಾಸನೆ-ಹೊಗೆ ವಿಷಯದಲ್ಲಿ ಪುಸ್ತಕ ಅದ್ಭುತವಾಗಿ ಕೆಲಸ ಮಾಡಿತು. ದೂರೆಲ್ಲ ಏಳೂವರೆಯಿಂದ ಒಂಬತ್ತರ ಒಳಗೆ. ಕೆಓಟಿ ಹೊಂದಿಸಿದರೆ ಪ್ರತಿ ಸಲ ನಾಲ್ಕೈದು ನಿಮಿಷ ಹಿಂದೆ ಅವೇ ಎರಡು ಐಟಂ: ಗುಂಟೂರು ಚಿಕನ್, ಪೆಪ್ಪರ್ ಡ್ರೈ. ಒಣಮೆಣಸಿನಕಾಯಿ ಒಗ್ಗರಣೆಯ ಘಾಟು. ಮಾಂಸದ ವಾಸನೆಗೆ ದೂರು ಕೊಡದವರೂ ಘಾಟಿಗೆ ಕೆಮ್ಮಿಕೊಂಡು ಫೋನ್ ಮಾಡುತ್ತಾರೆ. ಆ ಎರಡಕ್ಕೆ ಮೆಣಸಿನಕಾಯಿಯನ್ನು ಬೆಳಗ್ಗೆಯೇ ಎಣ್ಣೆಯಲ್ಲಿ ಸಣ್ಣ ಉರಿಗೆ ಹುರಿದಿಟ್ಟುಕೊಂಡು, ರಾತ್ರಿ ಆ ಎಣ್ಣೆಯನ್ನೇ ಬಳಸತೊಡಗಿದೆವು. ಪೈಸೆ ಖರ್ಚಿಲ್ಲದೆ ಮೂರರಲ್ಲಿ ಎರಡು ಪಾಲು ದೂರು ಮಾಯ. ಅಡುಗೆಭಟ್ಟರು ವಾರವಿಡೀ ಮುಖ ಊದಿಸಿಕೊಂಡಿದ್ದರು, ರುಚಿ ಬೇರೆ ಅಂತ. ಗಿರಾಕಿ ಯಾರೂ ಏನೂ ಹೇಳಲಿಲ್ಲ.

ಉಳಿದದ್ದಕ್ಕೆ ಯಂತ್ರ ಬೇಕಾಯಿತು. ಕ್ರಮ ಮರೆಯಬೇಡಿ: ಬ್ಯಾಫಲ್ ಫಿಲ್ಟರ್ (ಒಲೆ ಮೇಲಿನ ಜಿಡ್ಡು ತಡೆಯುವ ತಗಡು), ಆಮೇಲೆ ಹೊಗೆಯ ಕಣಗಳನ್ನು ವಿದ್ಯುತ್ತಿನಿಂದ ಸೆಳೆಯುವ ಇಎಸ್‌ಪಿ, ಆಮೇಲೆ ಇದ್ದಿಲು. ಇಎಸ್‌ಪಿ ಜಿಡ್ಡು, ಹೊಗೆ ಹಿಡಿಯುತ್ತದೆ, ವಾಸನೆ ಹಿಡಿಯುವುದಿಲ್ಲ. ಆ್ಯಕ್ಟಿವೇಟೆಡ್ ಇದ್ದಿಲು ವಾಸನೆ ಹಿಡಿಯುತ್ತದೆ, ಆದರೆ ಜಿಡ್ಡು ತಾಗಿದರೆ ಎರಡೇ ವಾರಕ್ಕೆ ಸತ್ತುಹೋಗುತ್ತದೆ. ದುಡ್ಡುಳಿಸಲು ಇಎಸ್‌ಪಿ ಬಿಟ್ಟು ಇದ್ದಿಲೊಂದೇ ಹಾಕಿ ನಲವತ್ತು ಕಿಲೋ ಹಾಳು ಮಾಡಿದ್ದೇವೆ. ಇಎಸ್‌ಪಿಗೆ ಎರಡು ಲಕ್ಷ, ಇದ್ದಿಲ ಪೆಟ್ಟಿಗೆಗೆ ಅರವತ್ತು ಸಾವಿರ, ಇದ್ದಿಲು ನಾಲ್ಕು ತಿಂಗಳಿಗೊಮ್ಮೆ ಬದಲು. ಬ್ಯಾಫಲ್ ಪ್ರತಿ ರಾತ್ರಿ ಬಿಸಿನೀರು-ಕಾಸ್ಟಿಕ್‌ನಲ್ಲಿ. ಒಂದು ಎಚ್ಚರಿಕೆ, ಅಲ್ಯೂಮಿನಿಯಂ ಬ್ಯಾಫಲ್ ಆದರೆ ಕಾಸ್ಟಿಕ್ ಅದನ್ನೇ ತಿನ್ನುತ್ತದೆ. ನಮ್ಮ ಮೊದಲ ಸೆಟ್ ತಿಂಗಳೊಪ್ಪತ್ತಿನಲ್ಲಿ ಜಾಲರಿಯಾಯಿತು. ಸ್ಟೇನ್‌ಲೆಸ್ ಸ್ಟೀಲೇ ತೆಗೆದುಕೊಳ್ಳಿ.

ಡಕ್ಟಿನ ತಲೆಯಲ್ಲಿ ಟೊಪ್ಪಿ ಇದ್ದರೆ ಕಿತ್ತೆಸೆಯಿರಿ. ಮಳೆಗೆಂದು ಇಡುವ ಆ ಟೊಪ್ಪಿ ಹೊಗೆಯನ್ನು ಕೆಳಕ್ಕೆ, ಪಕ್ಕದ ಮನೆ ಕಿಟಕಿಗೇ ತಿರುಗಿಸುತ್ತದೆ. ಬಾಯಿ ಆಕಾಶಕ್ಕೇ ಇರಲಿ, ಮಳೆನೀರಿಗೆ ಡಕ್ಟಿನ ಕೆಳ ಬೆಂಡಿನಲ್ಲಿ ಒಂದು ಡ್ರೈನ್ ಪೈಪು ಸಾಕು. ಎತ್ತರ ಹೆಚ್ಚಿಸಲು ಒಂದು ಲಕ್ಷ. ಬ್ಲೋವರ್‌ನ ಗುಂಯ್‌ಗೆ ವಿಎಫ್‌ಡಿ (ಮೋಟರ್ ಸ್ಪೀಡ್ ಹೊಂದಿಸುವ ಸಾಧನ), ಇಪ್ಪತ್ತೆಂಟು ಸಾವಿರ. ಸ್ಪೀಡ್ ಇಪ್ಪತ್ತು ಪರ್ಸೆಂಟ್ ಇಳಿಸಿದರೆ ಸದ್ದು ಹತ್ತಿರ ಹತ್ತಿರ ಐದು ಡೆಸಿಬೆಲ್ ಇಳಿಯುತ್ತದೆ, ಕರೆಂಟ್ ಅರ್ಧಕ್ಕೆ ಬರುತ್ತದೆ. ಹತ್ತೂವರೆ ಮೇಲೆ ಒಲೆ ಎರಡೇ ಉರಿಯುವಾಗ ಪೂರ್ತಿ ಸ್ಪೀಡ್ ಯಾಕೆ? ಮೋಟರ್ ಕೆಳಗೆ ಸ್ಪ್ರಿಂಗ್ ಮೌಂಟ್, ಡಕ್ಟಿಗೆ ಸೇರುವಲ್ಲಿ ಕ್ಯಾನ್ವಾಸ್ ತುಂಡು ಮರೆಯಬೇಡಿ. ಜನರೇಟರ್ ಸೈಲೆನ್ಸರ್‌ಗೂ ಎತ್ತರದ ಲೆಕ್ಕ ಇದೆ: ಕಟ್ಟಡದ ಎತ್ತರದ ಮೇಲೆ ಜನರೇಟರಿನ ಕೆವಿಎ ಸಾಮರ್ಥ್ಯದ ವರ್ಗಮೂಲದ ಐದನೇ ಒಂದು ಭಾಗದಷ್ಟು ಮೀಟರ್. 25 ಕೆವಿಎಗೆ ಒಂದು ಮೀಟರ್ ಬರುತ್ತದೆ.

ಚರಂಡಿ. ರಸ್ತೆಯ ಮ್ಯಾನ್‌ಹೋಲ್ ಉಕ್ಕಿದರೆ ಇಡೀ ಬೀದಿ ನಿಮ್ಮ ಮೇಲೆ ಬೀಳುತ್ತದೆ. ಜಿಡ್ಡು ಹಿಡಿಯುವ ತೊಟ್ಟಿ, ಅಂದರೆ ಗ್ರೀಸ್ ಟ್ರ್ಯಾಪ್, ಮೂರು ಖಾನೆಯದು, ನೀರು ಕನಿಷ್ಠ ಇಪ್ಪತ್ತು-ಮೂವತ್ತು ನಿಮಿಷ ನಿಲ್ಲುವಷ್ಟು ದೊಡ್ಡದು, ಐವತ್ತೈದು ಸಾವಿರ. ಕಟ್ಟಿಕೊಂಡಾಗ ಹುಡುಗರಿಗೆ ಬಿಸಿನೀರು ಸುರಿಯುವ ಚಟ. ಜಿಡ್ಡು ಕರಗಿ ಹೋಯಿತು ಅಂತ ಅವರ ಖುಷಿ, ಅದು ಮೂವತ್ತಡಿ ಆಚೆ ತಣ್ಣಗಾಗಿ ಮ್ಯಾನ್‌ಹೋಲಿನಲ್ಲಿ ಕಲ್ಲಾಗುತ್ತದೆ. ಮೇಲಿನ ಜಿಡ್ಡು, ಕೆಳಗಿನ ಮಡ್ಡಿ ಸೇರಿ ಆಳದ ಕಾಲು ಭಾಗ ಆಯಿತೆಂದರೆ ತೆಗೆಯಬೇಕು. ನಮ್ಮಲ್ಲಿ ಅದು ಐದು ದಿನ. ಕಡ್ಡಿಗೆ ಗೆರೆ ಹಾಕಿಟ್ಟಿದ್ದೇವೆ, ಅಳತೆ ಪುಸ್ತಕಕ್ಕೆ. ಜಿಡ್ಡು ತಿನ್ನುವ ಬ್ಯಾಕ್ಟೀರಿಯಾ ಪುಡಿ ಅಂತ ಒಬ್ಬರು ಮಾರಿಹೋದರು, ಆರು ಸಾವಿರ. ಪಾತ್ರೆ ತೊಳೆಯುವ ಬ್ಲೀಚು ಅದೇ ಟ್ರ್ಯಾಪಿಗೆ ಬರುತ್ತಿದ್ದಾಗ ಬ್ಯಾಕ್ಟೀರಿಯಾ ಬದುಕುವುದೆಲ್ಲಿ? ಕರಿದ ಎಣ್ಣೆ ಚರಂಡಿಗೆ ಒಂದು ಹನಿಯೂ ಬೇಡ. ಪೋಲಾರ್ ಕಾಂಪೌಂಡ್ (ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಹೆಚ್ಚುವ ಅಂಶ) 25 ಪರ್ಸೆಂಟ್ ದಾಟಿದ್ದನ್ನು ಹೇಗೂ ಬಳಸುವಂತಿಲ್ಲ, ಬಯೋಡೀಸೆಲ್‌ಗೆ ಒಯ್ಯುವವರು ಕಿಲೋಗೆ ನಲವತ್ತರ ಮೇಲೆ ಕೊಡುತ್ತಾರೆ.

ಒಟ್ಟು ಹನ್ನೆರಡೂವರೆ ಲಕ್ಷ ಹೋಗಿದೆ. ಗೋಡೆಯ ನಾಲ್ಕು ಲಕ್ಷ ದಂಡದ ಬಾಬತ್ತು, ಮಿಕ್ಕ ಎಂಟೂವರೆ ಕೆಲಸಕ್ಕೆ ಬಂದಿದೆ. ಬೌನ್ಸರ್ ಉಳಿತಾಯದಲ್ಲಿ ಸೈಟಿನ ಬಾಡಿಗೆ, ಬೀಡಾ ಅಂಗಡಿಯ ಆರು ಸಾವಿರ, ಸಾರು, ಇದ್ದಿಲು ಎಲ್ಲ ನಡೆದು ಸ್ವಲ್ಪ ಮಿಗುತ್ತದೆ. ಈಗ ಮಾಡುವವರು ಮೊದಲು ಮೂರು ತಿಂಗಳು ಪುಸ್ತಕ ಬರೆದು, ಆಮೇಲೆ ಬೀಡಾ ಅಂಗಡಿ, ಬಾಟಲಿ, ಶಟರ್ ಮುಟ್ಟಿ. ಇವು ಮೂರಕ್ಕೂ ಸೇರಿ ಮೊದಲ ತಿಂಗಳು ಇಪ್ಪತ್ತು ಸಾವಿರ ದಾಟುವುದಿಲ್ಲ.

ಸದ್ಯ ಪುಸ್ತಕದಲ್ಲಿ ಬಾಕಿ ಇರುವುದು ಒಂದೇ ಬಗೆಯ ದೂರು, ಬೆಳಗ್ಗೆ ಐದೂವರೆಯದು: ಐಸ್ ಗಾಡಿಯವನು ದಿಂಡನ್ನು ಫುಟ್‌ಪಾತ್ ಮೇಲೆ ಕುಟ್ಟುತ್ತಾನೆ. ಗೋಣಿ ಹಾಸಿ ನೋಡಿದೆವು, ಜಾರಿ ರಸ್ತೆಗೆ ಬಂತು. ಮುಂದಿನ ವಾರದಿಂದ ಒಂಬತ್ತು ಗಂಟೆಗೆ ಬಾ ಅಂದಿದ್ದೇವೆ. ದಿಂಡಿಗೆ ಹತ್ತು ರೂಪಾಯಿ ಹೆಚ್ಚು ಕೇಳುತ್ತಿದ್ದಾನೆ, ಐದಕ್ಕೆ ಇಳಿಯಬಹುದು.